ಒಂದೇ ಗಾಲಿ, ಒಂದೇ ಮೋಟಾರು

ಎಲೆಕ್ಟ್ರಿಕ್ ಯೂನಿಸೈಕಲ್ ಎಂಬುದು ಒಂದೇ ಚಕ್ರದ, ನಿಂತು ಓಡಿಸುವ ಬ್ಯಾಟರಿ ವಾಹನ. ಅದಕ್ಕೆ ಹ್ಯಾಂಡಲ್ ಇಲ್ಲ, ತುಳಿಯುವ ಪೆಡಲ್ ಇಲ್ಲ, ಕೈಯಲ್ಲಿ ಹಿಡಿಯುವ ಬ್ರೇಕೂ ಇಲ್ಲ. ಗಾಳಿ ತುಂಬಿದ ಟೈರಿನ ಗಾಲಿಯೊಂದು ಗಟ್ಟಿ ಕವಚದೊಳಗೆ ಅಡಗಿರುತ್ತದೆ. ಕವಚದ ಎಡಬಲಕ್ಕೆ ಮಡಚಬಹುದಾದ ಎರಡು ಪಾದಹಲಗೆಗಳಿರುತ್ತವೆ. ಸವಾರ ಗಾಲಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಒಂದೊಂದು ಹಲಗೆಯ ಮೇಲೆ ಒಂದೊಂದು ಪಾದವೂರಿ ನೆಟ್ಟಗೆ ನಿಲ್ಲುತ್ತಾನೆ. ಮೈ ಮುಂದಕ್ಕೆ ವಾಲಿದರೆ ಗಾಡಿ ಮುಂದೆ ಸಾಗುತ್ತದೆ, ಹಿಂದಕ್ಕೆ ವಾಲಿದರೆ ವೇಗ ತಗ್ಗಿ ನಿಲ್ಲುತ್ತದೆ, ಪಕ್ಕಕ್ಕೆ ಓರೆಯಾದರೆ ತಿರುಗುತ್ತದೆ. ನ್ಯೂಯಾರ್ಕ್, ಪ್ಯಾರಿಸ್‌ನಂಥ ನಗರಗಳಲ್ಲಿ ಕೆಲಸಕ್ಕೆ ಹೋಗಿಬರಲು ಇದನ್ನೇ ನೆಚ್ಚಿಕೊಂಡವರಿದ್ದಾರೆ. ಬೆಂಗಳೂರಿನಲ್ಲಿ ಇದು ಇನ್ನೂ ಅಪರೂಪ. ಯಾರಾದರೂ ಓಡಿಸುತ್ತಾ ಹೋದರೆ ಅದರ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ.

ನೋಡುವವರಿಗೆ ಸರ್ಕಸ್ಸಿನಂತೆ ಕಾಣುವ ಈ ವಾಹನದ ಗುಣ, ದೋಷಗಳೆಲ್ಲ ಹೆಚ್ಚುಕಡಿಮೆ ಒಂದೇ ಸಂಗತಿಯಿಂದ ಹುಟ್ಟುತ್ತವೆ. ಬೇರೆ ವಾಹನಗಳಲ್ಲಿ ಓಡಿಸಲು ಎಂಜಿನ್, ನಿಲ್ಲಿಸಲು ಬ್ರೇಕ್, ಮುಗ್ಗರಿಸದಂತೆ ಹಿಡಿಯಲು ಇನ್ನೊಂದು ಚಕ್ರ ಎಂದು ಕೆಲಸ ಹಂಚಿಹೋಗಿರುತ್ತದೆ. ಇಲ್ಲಿ ಮೂರನ್ನೂ ಒಂದೇ ಮೋಟಾರು ಮಾಡುತ್ತದೆ. ಅದು ಸೋತರೆ ಎರಡನೆಯ ಆಸರೆಯಿಲ್ಲ. ಸವಾರ ಯಾಕೆ ಹುಷಾರಾಗಿರಬೇಕು, ನಗರಗಳು ಯಾಕೆ ಹಿಂಜರಿಯುತ್ತವೆ, ಕಾನೂನು ಯಾಕೆ ತಡವರಿಸುತ್ತದೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಹುಟ್ಟು, ಬೆಳವಣಿಗೆ

ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುವ ವಾಹನ ಲೋಕದ ಗಮನ ಸೆಳೆದದ್ದು 2001ರ ಡಿಸೆಂಬರಿನಲ್ಲಿ, ಅಮೆರಿಕದ ಡೀನ್ ಕಾಮೆನ್ ಸೆಗ್ವೇಯನ್ನು ತೆರೆದು ತೋರಿಸಿದಾಗ. ಅದಕ್ಕೆ ಅಕ್ಕಪಕ್ಕದಲ್ಲಿ ಎರಡು ಚಕ್ರಗಳಿದ್ದವು, ಹಿಡಿದುಕೊಳ್ಳಲು ಸೊಂಟಮಟ್ಟದ ಹಿಡಿಯಿತ್ತು. 2004ರಲ್ಲಿ ಟ್ರೆವರ್ ಬ್ಲ್ಯಾಕ್‌ವೆಲ್ ಅದೇ ತತ್ವವನ್ನು ಒಂದೇ ಚಕ್ರಕ್ಕೆ ಇಳಿಸಿ, ಕೂತು ಓಡಿಸುವ ಯಂತ್ರವೊಂದನ್ನು ಕಟ್ಟಿದರು. ಇಂದಿನ ರೂಪ ಕೊಟ್ಟವರು ಶೇನ್ ಚೆನ್. ಚೀನಾದಲ್ಲಿ ಹುಟ್ಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕ್ಯಾಮಸ್ ಪಟ್ಟಣದಲ್ಲಿ ನೆಲೆಸಿದ ಈ ಸಂಶೋಧಕರು ಸೀಟು, ಹಿಡಿ ಎರಡನ್ನೂ ಕಿತ್ತುಹಾಕಿ, ಗಾಲಿಯ ಪಕ್ಕದಲ್ಲೇ ಪಾದಹಲಗೆಗಳನ್ನು ಕೂರಿಸಿ, 2011ರಲ್ಲಿ ಸೋಲೊವೀಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಮುಂದೆ ಮಕ್ಕಳ ಆಟಿಕೆಯಾಗಿ ಹಬ್ಬಿದ ಹೋವರ್‌ಬೋರ್ಡಿನ ಮೊದಲ ರೂಪಗಳಲ್ಲಿ ಒಂದಾದ ಹೋವರ್‌ಟ್ರಾಕ್ಸ್ ಕೂಡ ಅವರದೇ.

ಆಮೇಲಿನ ಬೆಳವಣಿಗೆಯೆಲ್ಲ ಬಹುಪಾಲು ಚೀನಾದಲ್ಲಿ ಆಯಿತು. ಬೀಜಿಂಗ್‌ನ ನೈನ್‌ಬಾಟ್ ಕಂಪನಿ 2015ರಲ್ಲಿ ಸೆಗ್ವೇಯನ್ನೇ ಕೊಂಡುಕೊಂಡಿತು. ಶೆನ್‌ಜೆನ್‌ನ ಕಿಂಗ್‌ಸಾಂಗ್ ಮತ್ತು ಇನ್‌ಮೋಷನ್, ಮೊದಲು ಗಾಟ್‌ವೇ ಎನಿಸಿಕೊಂಡಿದ್ದ ಬೆಗೋಡೆ, ವೆಟರನ್ ಮಾದರಿಗಳನ್ನು ತಯಾರಿಸುವ ಲೀಪರ್‌ಕಿಮ್ ಇವು ಸವಾರರ ಬಾಯಲ್ಲಿ ಓಡಾಡುವ ಹೆಸರುಗಳು. ಮೊದಲ ಸೋಲೊವೀಲ್ ಸುಮಾರು 11 ಕಿಲೊ ತೂಗುತ್ತಿತ್ತು, ಗಂಟೆಗೆ 16 ಕಿ.ಮೀ. ಆಸುಪಾಸಿನಲ್ಲಿ ಓಡುತ್ತಿತ್ತು. 2020ರಲ್ಲಿ ಬಂದ ವೆಟರನ್ ಶರ್ಮನ್ ಮಾದರಿಯ ಬ್ಯಾಟರಿಯ ಸಾಮರ್ಥ್ಯ 3,200 ವ್ಯಾಟ್-ಅವರ್; 75 ವ್ಯಾಟ್‌ನ ಸೀಲಿಂಗ್ ಫ್ಯಾನನ್ನು 40 ಗಂಟೆಗೂ ಹೆಚ್ಚು ಹೊತ್ತು ತಿರುಗಿಸಲು ಅಷ್ಟು ವಿದ್ಯುತ್ ಸಾಕು. ಅದೇ ವರ್ಷ ಕಿಂಗ್‌ಸಾಂಗ್ ಮತ್ತು ಇನ್‌ಮೋಷನ್ ಸಸ್ಪೆನ್ಷನ್ ಇರುವ ಮಾದರಿಗಳನ್ನು ತಂದವು. ಇವತ್ತು 15 ಕಿಲೊದ ಪುಟ್ಟ ಗಾಲಿಯೂ ಸಿಗುತ್ತದೆ, 40 ಕಿಲೊ ದಾಟಿ ಗಂಟೆಗೆ 70–80 ಕಿ.ಮೀ. ಮೀರಿ ಓಡುವ ಗಾಲಿಯೂ ಸಿಗುತ್ತದೆ. ಎರಡಕ್ಕೂ ಹೆಸರು ಒಂದೇ. ಬೀದಿಯ ಮೇಲೆ ಅವು ಒಡ್ಡುವ ಅಪಾಯ ಮಾತ್ರ ಅಜಗಜಾಂತರ.

ನಿಲ್ಲುವ ಗುಟ್ಟು

ಅಂಗೈ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟ ಆಡದ ಮಕ್ಕಳಿಲ್ಲ. ಕೋಲು ಯಾವ ಕಡೆ ಬೀಳುತ್ತದೋ ಆ ಕಡೆಗೇ ಅಂಗೈ ಸರಿಸುತ್ತಿದ್ದರೆ ಅದು ಬೀಳುವುದಿಲ್ಲ. ಯೂನಿಸೈಕಲ್ಲಿನಲ್ಲಿ ಕೋಲಿನ ಜಾಗದಲ್ಲಿ ಸವಾರನಿದ್ದಾನೆ, ಅಂಗೈಯ ಜಾಗದಲ್ಲಿ ಗಾಲಿಯಿದೆ. ಕವಚದೊಳಗಿನ ಜೈರೊಸ್ಕೋಪ್ ಮತ್ತು ಆಕ್ಸೆಲೆರೊಮೀಟರ್‌ಗಳು ಗಾಡಿ ಎಷ್ಟು ವಾಲಿದೆ, ಎಷ್ಟು ಬೇಗ ವಾಲುತ್ತಿದೆ ಎಂಬುದನ್ನು ಸೆಕೆಂಡಿಗೆ ನೂರಾರು ಸಲ ಅಳೆಯುತ್ತವೆ. ನಿಯಂತ್ರಣ ಫಲಕ ಆ ಅಳತೆಯನ್ನು ಓದಿಕೊಂಡು, ಗಾಲಿಯ ಗುಂಭದಲ್ಲೇ ಅಡಗಿರುವ ಮೋಟಾರಿಗೆ ಬೇಕಾದಷ್ಟೇ ವಿದ್ಯುತ್ ಹರಿಸುತ್ತದೆ. ಸವಾರ ಮುಂದೆ ವಾಲಿದೊಡನೆ ಗಾಲಿ ಅವನ ಅಡಿಗೆ ಓಡಿಬರುತ್ತದೆ. ವಾಲಿಕೊಂಡೇ ಇದ್ದರೆ ಗಾಲಿಯೂ ಓಡುತ್ತಲೇ ಇರುತ್ತದೆ. ವೇಗ ಎಂದರೆ ಇಲ್ಲಿ ಮುಗಿಯದೆ ಮುಂದುವರಿದ ಒಂದು ಬೀಳುವಿಕೆ.

ಯಂತ್ರ ಕಾಯುವುದು ಮುಂದು–ಹಿಂದಿನ ಸಮತೋಲವನ್ನು ಮಾತ್ರ. ಎಡಕ್ಕೋ ಬಲಕ್ಕೋ ಬೀಳದಂತೆ ನೋಡಿಕೊಳ್ಳುವುದು ಸವಾರನ ಕೆಲಸ. ಸೈಕಲ್ ಕಲಿತವರಿಗೆ ಇದರ ಮರ್ಮ ಗೊತ್ತಿರುತ್ತದೆ: ಬೀಳುತ್ತಿರುವ ಕಡೆಗೇ ಚಕ್ರವನ್ನು ತಿರುಗಿಸಿದರೆ ಮೈ ಮತ್ತೆ ಎದ್ದು ನಿಲ್ಲುತ್ತದೆ. ಸೈಕಲ್ಲಿನಲ್ಲಿ ಹ್ಯಾಂಡಲ್ ಮಾಡುವ ಈ ಕೆಲಸವನ್ನು ಇಲ್ಲಿ ಸೊಂಟ, ಮೊಣಕಾಲು, ಹಿಮ್ಮಡಿ ಸೇರಿ ಮಾಡಬೇಕು. ನಿಧಾನವಾಗಿ ಹೋಗುವಾಗ ಗಾಡಿ ಅಂಕುಡೊಂಕಾಗಿ ತೊನೆಯುವುದು, ಸ್ವಲ್ಪ ವೇಗ ಬಂದಮೇಲೆ ಹದಕ್ಕೆ ಬರುವುದು ಸೈಕಲ್ಲಿನಲ್ಲೂ ಇಲ್ಲೂ ಒಂದೇ ತೆರ.

ಬ್ರೇಕ್ ಹಾಕುವುದೆಂದರೆ ಸೊಂಟವನ್ನು ಹಿಂದಕ್ಕೆ ಒಯ್ದು, ಕುರ್ಚಿಯಲ್ಲಿ ಕೂರಲು ಹೋದಂತೆ ಬಾಗುವುದು. ಆಗ ಮೋಟಾರು ಡೈನಮೊದಂತೆ ಕೆಲಸ ಮಾಡಿ ಓಟದ ಶಕ್ತಿಯನ್ನು ವಿದ್ಯುತ್ತಾಗಿ ಬ್ಯಾಟರಿಗೆ ಹಿಂದಿರುಗಿಸುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬ್ಯಾಟರಿ ತುಂಬಿತುಳುಕುವಷ್ಟು ಚಾರ್ಜ್ ಆಗಿದ್ದು, ಹೊರಟ ಕೂಡಲೇ ಉದ್ದನೆಯ ಇಳಿಜಾರು ಸಿಕ್ಕರೆ ಹಿಂದಿರುಗುವ ವಿದ್ಯುತ್ತಿಗೆ ಜಾಗವಿರುವುದಿಲ್ಲ. ಯಂತ್ರ ಎಚ್ಚರಿಕೆ ಕೊಟ್ಟು ಸವಾರನನ್ನು ಇಳಿಸಲು ನೋಡುತ್ತದೆ. ಗುಡ್ಡದ ಮೇಲೆ ಮನೆಯಿರುವವರು ಬ್ಯಾಟರಿಯನ್ನು ಪೂರ್ತಿ ತುಂಬಿಸದೆ ಹೊರಡುವುದು ಈ ಕಾರಣಕ್ಕೆ.

ಮೀಸಲು ಬಲದ ಲೆಕ್ಕ

ಯೂನಿಸೈಕಲ್ಲಿನ ಅತ್ಯಂತ ಕೆಟ್ಟ ಬೀಳುವಿಕೆಗಳಿಗೆ ಕಾರಣ ತಿಳಿಯಬೇಕಾದರೆ ಮೋಟಾರಿನ ಒಂದು ಸ್ವಭಾವ ತಿಳಿದಿರಬೇಕು. ಮೋಟಾರು ವೇಗವಾಗಿ ತಿರುಗಿದಷ್ಟೂ ಅದರೊಳಗೆ ಬ್ಯಾಟರಿಗೆ ಎದುರಾದ ವೋಲ್ಟೇಜ್ ಹೆಚ್ಚು ಹುಟ್ಟಿಕೊಳ್ಳುತ್ತದೆ. ವೇಗ ಏರಿದಂತೆ ಟಾರ್ಕ್, ಅಂದರೆ ತಿರುಗಿಸುವ ಬಲ, ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ಹಂತದಲ್ಲಿ ಎರಡು ವೋಲ್ಟೇಜುಗಳೂ ಸಮವಾಗಿ, ಮೋಟಾರಿನಲ್ಲಿ ಕೊಡಲು ಏನೂ ಉಳಿಯುವುದಿಲ್ಲ. ಸ್ಕೂಟರಿನಲ್ಲಿ ಹೀಗಾದರೆ ಗಾಡಿ ಅದಕ್ಕಿಂತ ಜೋರಾಗಿ ಓಡುವುದಿಲ್ಲ, ಅಷ್ಟೇ. ಯೂನಿಸೈಕಲ್ಲಿನಲ್ಲಿ ಸವಾರನನ್ನು ಎತ್ತಿ ನಿಲ್ಲಿಸುತ್ತಿರುವುದೇ ಆ ಬಲ. ಅದು ಮುಗಿದ ಕ್ಷಣವೇ ಪಾದಹಲಗೆ ಮುಂದಕ್ಕೆ ಕುಸಿದು, ಸವಾರ ಮುಖ ಕೆಳಗಾಗಿ ಬೀಳುತ್ತಾನೆ. ಇದನ್ನು ಸವಾರರು ಓವರ್‌ಲೀನ್ ಎನ್ನುತ್ತಾರೆ. ನಿಯಂತ್ರಣ ಫಲಕದ ದೋಷದಿಂದಲೋ ಅತಿಯಾದ ಬಿಸಿಯಿಂದಲೋ ಮೋಟಾರು ತಟ್ಟನೆ ಕೈಬಿಟ್ಟರೆ ಅದಕ್ಕೆ ಕಟೌಟ್ ಎಂದು ಹೆಸರು.

ಆದ್ದರಿಂದ ಗಾಡಿ ಓಡಬಲ್ಲ ವೇಗಕ್ಕೂ ಓಡಿಸಬೇಕಾದ ವೇಗಕ್ಕೂ ನಡುವೆ ಅಂತರ ಇರಲೇಬೇಕು. ಹಂಪು ಹತ್ತಲು, ಎದುರುಗಾಳಿ ಸೀಳಲು, ಗುಂಡಿಯಿಂದ ಮೇಲೇಳಲು, ಥಟ್ಟನೆ ನಿಲ್ಲಿಸಲು ಬೇಕಾಗುವ ಹೆಚ್ಚಿನ ಬಲ ಆ ಅಂತರದಿಂದಲೇ ಬರಬೇಕು. ಸವಾರ ಆ ಗಡಿಯ ಹತ್ತಿರ ಬಂದಾಗ ಯಂತ್ರ ಮೊದಲು ಬೀಪ್ ಎಂದು ಕೂಗುತ್ತದೆ. ಕೇಳದಿದ್ದರೆ ಪಾದಹಲಗೆಯ ಮುಂತುದಿಯನ್ನು ಮೇಲೆತ್ತಿ, ಸವಾರನನ್ನು ಹಿಂದಕ್ಕೆ ತಳ್ಳಿ ವೇಗ ತಗ್ಗಿಸುತ್ತದೆ. ಟಿಲ್ಟ್‌ಬ್ಯಾಕ್ ಎಂಬ ಈ ಏರ್ಪಾಡು ಕಿರಿಕಿರಿಯೆಂದು ಅದನ್ನು ನಿಲ್ಲಿಸಿಡುವವರೂ ಇದ್ದಾರೆ. ಹಾಗೆ ಮಾಡಿದವರು ಯಂತ್ರ ಹೇಳಬಹುದಾದ ಕೊನೆಯ ಮಾತನ್ನು ತಾವೇ ತಡೆದಂತಾಗುತ್ತದೆ.

ಈ ಮೀಸಲು ದಿನವಿಡೀ ಒಂದೇ ಸಮ ಇರುವುದೂ ಇಲ್ಲ. ಲಿಥಿಯಂ ಬ್ಯಾಟರಿಯ ಒಂದು ಕೋಶ ತುಂಬಿದಾಗ 4.2 ವೋಲ್ಟ್ ಕೊಡುತ್ತದೆ. ಸಾಲಾಗಿ 20 ಕೋಶಗಳಿರುವ ಗಾಡಿಗೆ ಹೊರಡುವಾಗ 84 ವೋಲ್ಟ್, 24 ಕೋಶಗಳಿರುವುದಕ್ಕೆ 100.8 ವೋಲ್ಟ್ ಸಿಗುತ್ತದೆ. ಚಾರ್ಜ್ ಇಳಿದಂತೆ ವೋಲ್ಟೇಜೂ ಇಳಿಯುತ್ತದೆ, ಅದರ ಜೊತೆಗೆ ಸುರಕ್ಷಿತ ವೇಗದ ಮಿತಿಯೂ ಇಳಿಯುತ್ತದೆ. ಚಳಿಯಲ್ಲಿ, ದಡೂತಿ ಸವಾರರ ಕೆಳಗೆ, ಏರಿನಲ್ಲಿ ಅದು ಇನ್ನಷ್ಟು ತಗ್ಗುತ್ತದೆ. ಬೆಳಗ್ಗೆ ಆರಾಮವಾಗಿ ಓಡಿದ ವೇಗದಲ್ಲೇ ಸಂಜೆ ಕಾಲು ಭಾಗ ಬ್ಯಾಟರಿಯಲ್ಲಿ ಓಡಿಸಲು ಹೋಗಿ ಬೀಳುವುದು ಇದರಿಂದ. ಪಳಗಿದ ಸವಾರರು ಬ್ಯಾಟರಿ ಇಳಿದಾಗ ವೇಗವನ್ನೂ ಇಳಿಸುತ್ತಾರೆ.

ಕಲಿಕೆಯ ದಾರಿ

ಕಲಿಯುವವರು ಗೋಡೆಯನ್ನೋ ಬೇಲಿಯನ್ನೋ ಹಿಡಿದು ಶುರು ಮಾಡುತ್ತಾರೆ. ಮೊದಲು ಒಂದು ಪಾದವನ್ನು ಹಲಗೆಯ ಮೇಲಿಟ್ಟು, ಮೀನಖಂಡಕ್ಕೆ ಕವಚವನ್ನು ಒತ್ತಿಕೊಂಡು, ಇನ್ನೊಂದು ಕಾಲಿನಿಂದ ನೆಲವನ್ನು ಮೀಟುತ್ತಾ ಹೋಗಬೇಕು. ಆಮೇಲೆ ಎರಡನೆಯ ಪಾದವನ್ನು ಎತ್ತಿಡುವುದು. ಹೆಚ್ಚಿನವರಿಗೆ ಕೆಲವು ಗಂಟೆಗಳಲ್ಲಿ ನೇರ ಸಾಗಲು ಬರುತ್ತದೆ. ತಿರುವು, ನಿಲುಗಡೆ, ಹಿಂದಿರುಗಿ ನೋಡುವುದು ಕೈಗೂಡಲು ವಾರಗಳು ಬೇಕು. ಈ ಹಂತದಲ್ಲಿ ಗಾಡಿ ನೂರು ಸಲ ಉರುಳುವುದು ಖಚಿತವಾದ್ದರಿಂದ ಕವಚಕ್ಕೆ ಹಳೆಯ ಬಟ್ಟೆಯನ್ನೋ ಫೋಮನ್ನೋ ಸುತ್ತಿಡುವುದು ರೂಢಿ. ಪಕ್ಕಕ್ಕೆ ಉರುಳಿದ ಕೂಡಲೇ ಮೋಟಾರು ತಾನಾಗಿ ನಿಲ್ಲುತ್ತದೆ.

ಹೊಸಬರನ್ನು ಕಾಡುವ ಇನ್ನೊಂದು ತೊಂದರೆ ವೇಗದಲ್ಲಿ ಬರುವ ನಡುಕ. ಗಾಲಿ ಎಡಬಲಕ್ಕೆ ಹೊಯ್ದಾಡತೊಡಗುತ್ತದೆ. ಹೆದರಿ ಕಾಲು ಬಿಗಿಹಿಡಿದಷ್ಟೂ ಅದು ಹೆಚ್ಚುತ್ತದೆ. ಮೊಣಕಾಲನ್ನು ಸಡಿಲಗೊಳಿಸಿ, ಮೈಯನ್ನು ಒಂದು ಬದಿಗೆ ಓರೆಮಾಡಿ ಸಣ್ಣ ಬಳಸು ತಿರುವು ತೆಗೆದುಕೊಳ್ಳುವುದು ಅಥವಾ ಮೆಲ್ಲಗೆ ವೇಗ ತಗ್ಗಿಸುವುದು ಅದಕ್ಕೆ ಪರಿಹಾರ. ಪಾದದ ಸ್ನಾಯುಗಳು ಪಳಗಿದಂತೆ ಈ ನಡುಕ ತಾನಾಗಿ ಕಡಿಮೆಯಾಗುತ್ತದೆ.

ಬೀದಿಯ ಮೇಲೆ

ಯೂನಿಸೈಕಲ್ಲಿನ ಗಾಲಿಯ ವ್ಯಾಸ ಸಾಮಾನ್ಯವಾಗಿ 14ರಿಂದ 20 ಇಂಚು. ನಿಂತು ಓಡಿಸುವ ಕಿಕ್ ಸ್ಕೂಟರ್‌ಗಳ 8–10 ಇಂಚಿನ ಚಕ್ರಗಳು ಸಿಕ್ಕಿಬೀಳುವ ಗುಂಡಿಯನ್ನು ಇದು ಸಲೀಸಾಗಿ ದಾಟುತ್ತದೆ. ಸಸ್ಪೆನ್ಷನ್ ಇಲ್ಲದ ಗಾಡಿಯಲ್ಲಿ ಮೊಣಕಾಲೇ ಸಸ್ಪೆನ್ಷನ್. ಹಂಪಿನ ಮುಂದೆ ಮಂಡಿ ಮಡಿಸಿ, ಹತ್ತುವಾಗ ಮೈಯನ್ನು ಹಗುರಮಾಡಿಕೊಳ್ಳಬೇಕು. ನಿಜವಾದ ಕಂಟಕ ಜಾರಿಕೆ. ಎರಡು ಚಕ್ರದ ವಾಹನದಲ್ಲಿ ಹಿಂದಿನ ಚಕ್ರ ಜಾರಿದರೆ ಮುಂದಿನದು ಸಂಭಾಳಿಸುವ ಸಾಧ್ಯತೆ ಇರುತ್ತದೆ. ಇಲ್ಲಿ ಇರುವುದೊಂದೇ ಟೈರು. ಮಳೆಯಲ್ಲಿ ನೆನೆದ ಜೀಬ್ರಾ ಪಟ್ಟಿಯ ಬಣ್ಣ, ಮ್ಯಾನ್‌ಹೋಲ್ ಮುಚ್ಚಳ, ಕಾಮಗಾರಿಗೆ ಹಾಸಿದ ಉಕ್ಕಿನ ತಗಡು, ಎಣ್ಣೆಯ ಕಲೆ, ಜಲ್ಲಿಪುಡಿ ಇವುಗಳ ಮೇಲೆ ತಿರುಗುವುದೂ ಬ್ರೇಕ್ ಹಿಡಿಯುವುದೂ ಸಲ್ಲದು. ಟ್ರಾಮ್ ಹಳಿ, ಉದ್ದುದ್ದ ಬಿರುಕುಗಳನ್ನು ಅಡ್ಡಲಾಗಿ ದಾಟಬೇಕು. ಅವುಗಳ ಉದ್ದಕ್ಕೇ ಸಾಗಹೋದರೆ ಟೈರು ಅವುಗಳೊಳಗೆ ಕೂತುಬಿಡುತ್ತದೆ. ನಿಂತ ನೀರಿನಲ್ಲಿ ಇಳಿಸಿದರೆ ಮೋಟಾರಿನ ಸಂವೇದಕಗಳಿಗೆ ನೀರು ತಗಲಿ ಗಾಡಿ ನಡುದಾರಿಯಲ್ಲಿ ಕೈಕೊಡಬಹುದು.

ಉಳಿದ ವಾಹನ ಸವಾರರ ಕಣ್ಣಿಗೆ ಯೂನಿಸೈಕಲ್ ಸವಾರ ನಿಂತಿರುವ ಮನುಷ್ಯನಂತೆ ಕಾಣುತ್ತಾನೆ. ನಡೆಯುವವರ ವೇಗ ಗಂಟೆಗೆ ಸುಮಾರು 5 ಕಿ.ಮೀ. ಎಂಬ ಅಂದಾಜು ಎಲ್ಲರ ತಲೆಯಲ್ಲೂ ಕೂತಿರುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಬರುವವನು ಸೆಕೆಂಡಿಗೆ 7 ಮೀಟರ್ ಸಾಗುತ್ತಾನೆ. ಪಕ್ಕದ ರಸ್ತೆಯಿಂದ ಹೊರಬರುವ ಕಾರಿನ ಚಾಲಕ ಅವನಿನ್ನೂ ದೂರವಿದ್ದಾನೆಂದು ಬಗೆದು ನುಗ್ಗುವ ಅಪಾಯ ಹೆಚ್ಚು. ಹಗಲಿನಲ್ಲೂ ದೀಪ ಹಚ್ಚಿಡುವುದು, ಎದ್ದು ಕಾಣುವ ಬಣ್ಣದ ಅಂಗಿ ತೊಡುವುದು, ಎರಡೂ ಕೈಗಳು ಖಾಲಿಯಿರುವುದರಿಂದ ತಿರುಗುವ ಮೊದಲು ಕೈ ಚಾಚಿ ತೋರಿಸುವುದು ಅದಕ್ಕೆ ಮದ್ದು. ಅದೇ ಖಾಲಿ ಕೈ ಮೊಬೈಲಿನತ್ತ ಹೋದರೆ ಅಪಾಯ ಇಮ್ಮಡಿ.

ಪಾದಚಾರಿಗಳ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಗಾಡಿಗೆ ಸದ್ದಿಲ್ಲ, 20–30 ಕಿಲೊ ತೂಕವಿದೆ. ಸವಾರ ಬಿದ್ದಮೇಲೂ ಗಾಲಿ ಒಂದಷ್ಟು ದೂರ ಉರುಳಿಕೊಂಡು ಹೋಗಬಹುದು. ಮುದುಕರು, ಮಕ್ಕಳು, ಗಾಲಿಕುರ್ಚಿಯವರು ಓಡಾಡುವ ಫುಟ್‌ಪಾತಿನಲ್ಲಿ ಅದಕ್ಕೆ ಜಾಗವಿಲ್ಲ ಎಂದು ಬಹಳಷ್ಟು ದೇಶಗಳು ತೀರ್ಮಾನಿಸಿರುವುದು ನ್ಯಾಯವೇ.

ವೇಗದ ಅಪಾಯವನ್ನು ಎತ್ತರದ ಲೆಕ್ಕದಲ್ಲಿ ನೋಡಿದರೆ ಮನಸ್ಸಿಗೆ ಚೆನ್ನಾಗಿ ಹತ್ತುತ್ತದೆ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋಗುವ ದೇಹದಲ್ಲಿರುವ ಚಲನಶಕ್ತಿ ಸುಮಾರು ಎರಡೂವರೆ ಮೀಟರ್ ಎತ್ತರದಿಂದ ಬಿದ್ದಾಗ ಬರುವಷ್ಟು. 40 ಕಿ.ಮೀ. ಆದರೆ ಅದು ಆರು ಮೀಟರ್ ದಾಟುತ್ತದೆ, ಎರಡನೇ ಮಹಡಿಯಿಂದ ಬಿದ್ದಂತೆ. 50 ಕಿ.ಮೀ.ಗೆ ಹತ್ತಿರಹತ್ತಿರ ಹತ್ತು ಮೀಟರ್. ವೇಗ ದುಪ್ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟಾಗುತ್ತದೆ ಎಂಬ ಶಾಲೆಯ ಪಾಠವೇ ಇದು. ಬೀಳುವಾಗ ಮನುಷ್ಯ ಮೊದಲು ಕೈ ಚಾಚುವುದರಿಂದ ಮಣಿಕಟ್ಟಿನ ಮೂಳೆ ಮುರಿಯುವುದು ಸಾಮಾನ್ಯ. ನೆಲದ ಮೇಲೆ ಜಾರುವಂಥ ಗಟ್ಟಿ ಪಟ್ಟಿಯಿರುವ ಮಣಿಕಟ್ಟಿನ ಕವಚ, ಗದ್ದವನ್ನೂ ಮುಚ್ಚುವ ಪೂರ್ಣ ಹೆಲ್ಮೆಟ್, ಮೊಣಕಾಲು–ಮೊಣಕೈಗಳ ಪ್ಯಾಡ್ ಇವು ಈ ಸವಾರಿಯಲ್ಲಿ ಅಲಂಕಾರವಲ್ಲ. ಮುಂದಕ್ಕೆ ಮುಖವಡಿಯಾಗಿ ಬೀಳುವ ವಾಹನಕ್ಕೆ ಸೈಕಲ್ಲಿನ ಅರ್ಧ ಹೆಲ್ಮೆಟ್ ಸಾಲದು.

ಬ್ಯಾಟರಿ ಮತ್ತು ಬೆಂಕಿ

ಇಂಧನದ ಮಟ್ಟಿಗೆ ಈ ಗಾಡಿ ಬಲು ಮಿತವ್ಯಯಿ. ಒಂದು ಕಿ.ಮೀ.ಗೆ ಸುಮಾರು 20 ವ್ಯಾಟ್-ಅವರ್ ಸಾಕಾಗುವುದರಿಂದ ಒಂದು ಯೂನಿಟ್ ವಿದ್ಯುತ್ತಿನಲ್ಲಿ 40–50 ಕಿ.ಮೀ. ಓಡಬಹುದು. ಮನೆಯ ಮಾಮೂಲಿ ಪ್ಲಗ್ಗಿನಲ್ಲೇ ಚಾರ್ಜ್ ಆಗುತ್ತದೆ. ಪಾರ್ಕಿಂಗ್ ಜಾಗ ಬೇಡ. ಕವಚಕ್ಕೆ ಅಂಟಿದ ಹಿಡಿಯನ್ನೆಳೆದು ಸೂಟ್‌ಕೇಸಿನಂತೆ ಉರುಳಿಸಿಕೊಂಡು ಹೋಗಿ ಮೇಜಿನ ಕೆಳಗೆ ಇಡಬಹುದು. ರೈಲು ನಿಲ್ದಾಣದಿಂದ ಕಚೇರಿಯವರೆಗಿನ ಎರಡು–ಮೂರು ಕಿ.ಮೀ. ದೂರಕ್ಕೆ ಇದಕ್ಕಿಂತ ಅಡಕವಾದ ಮೋಟಾರು ವಾಹನ ಸಿಗುವುದು ಕಷ್ಟ.

ಆದರೆ ಅದನ್ನು ರೈಲಿಗೆ ಹತ್ತಿಸಿಕೊಳ್ಳಲು ನಗರಗಳು ಅಂಜುತ್ತಿವೆ. 2021ರ ನವೆಂಬರಿನಲ್ಲಿ ಲಂಡನ್ನಿನ ಸುರಂಗ ರೈಲೊಂದರಲ್ಲಿ ಇ-ಸ್ಕೂಟರಿನ ಬ್ಯಾಟರಿ ಹೊತ್ತಿಕೊಂಡು ಬೋಗಿಯಲ್ಲಿ ಹೊಗೆ ತುಂಬಿತು. ಮರುತಿಂಗಳು 13ರಿಂದ ಅಲ್ಲಿನ ಸಾರಿಗೆ ಸಂಸ್ಥೆ ಖಾಸಗಿ ಇ-ಸ್ಕೂಟರ್ ಮತ್ತು ಇ-ಯೂನಿಸೈಕಲ್‌ಗಳನ್ನು ತನ್ನ ರೈಲು, ಬಸ್ಸುಗಳಿಂದ ಹೊರಗಿಟ್ಟಿತು. ನ್ಯೂಯಾರ್ಕಿನಲ್ಲಿ ಲಿಥಿಯಂ ಬ್ಯಾಟರಿಗಳ ಬೆಂಕಿಗೆ 2023ರಲ್ಲಿ 18 ಮಂದಿ ಬಲಿಯಾದರು. ಅವುಗಳಲ್ಲಿ ಹೆಚ್ಚಿನವು ಎಲೆಕ್ಟ್ರಿಕ್ ಸೈಕಲ್‌ಗಳ ಬ್ಯಾಟರಿಗಳು. ಅದೇ ವರ್ಷದ ಸೆಪ್ಟೆಂಬರಿನಿಂದ ಯುಎಲ್ ಸುರಕ್ಷತಾ ಮಾನದಂಡಕ್ಕೆ ಒಳಪಡದ ಬ್ಯಾಟರಿ ವಾಹನಗಳ ಮಾರಾಟವನ್ನು ನಗರ ನಿಷೇಧಿಸಿತು. ವಿಮಾನದಲ್ಲಂತೂ ಪ್ರಶ್ನೆಯೇ ಇಲ್ಲ: ಪ್ರಯಾಣಿಕರು ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್, ಕಂಪನಿಯ ಒಪ್ಪಿಗೆಯಿದ್ದರೆ 160, ನಗರದಲ್ಲಿ ಓಡಾಡುವ ಯೂನಿಸೈಕಲ್ಲಿನ ಬ್ಯಾಟರಿ ಅದರ ಹಲವು ಪಟ್ಟು ದೊಡ್ಡದು. ಮೂಲ ಚಾರ್ಜರನ್ನೇ ಬಳಸುವುದು, ನೀರು ಹೊಕ್ಕ ಅಥವಾ ಜೋರಾಗಿ ಬಿದ್ದ ಗಾಡಿಯನ್ನು ಪರೀಕ್ಷಿಸದೆ ಚಾರ್ಜಿಗೆ ಹಾಕದಿರುವುದು, ರಾತ್ರಿ ಮಲಗಿದಾಗ ಅಥವಾ ಹೊಸ್ತಿಲ ಬಳಿ ಚಾರ್ಜ್ ಮಾಡದಿರುವುದು ಪ್ರತಿ ಮನೆಯ ನಿಯಮವಾಗಬೇಕು. ಬೆಂಕಿ ಬಿದ್ದರೆ ಹೊರಹೋಗಲು ಇರುವ ದಾರಿ ಆ ಹೊಸ್ತಿಲೊಂದೇ.

ಕಾನೂನಿನ ಕಣ್ಣಲ್ಲಿ

ವಾಹನ ಕಾನೂನುಗಳು ಹ್ಯಾಂಡಲ್, ಸೀಟು, ಬ್ರೇಕ್, ಚಕ್ರಗಳ ಎಣಿಕೆ ನೋಡಿ ವರ್ಗ ಮಾಡುತ್ತವೆ. ಇವ್ಯಾವುವೂ ಇಲ್ಲದ ಯಂತ್ರ ಎದುರಾದಾಗ ಒಂದೊಂದು ದೇಶ ಒಂದೊಂದು ದಾರಿ ಹಿಡಿದಿದೆ.

ಫ್ರಾನ್ಸ್ ಹೊಸ ವರ್ಗವನ್ನೇ ಮಾಡಿತು. 2019ರ ಅಕ್ಟೋಬರಿನ ಆದೇಶ ಇ-ಸ್ಕೂಟರ್, ಯೂನಿಸೈಕಲ್, ಹೋವರ್‌ಬೋರ್ಡ್‌ಗಳನ್ನು ಒಟ್ಟಾಗಿ ಮೋಟಾರಿನ ವೈಯಕ್ತಿಕ ಸಂಚಾರ ಸಾಧನಗಳೆಂದು ಗುರುತಿಸಿತು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.; ಸೈಕಲ್ ಪಥವಿದ್ದಲ್ಲಿ ಅದರಲ್ಲೇ ಓಡಿಸಬೇಕು, ಪಾದಚಾರಿ ಮಾರ್ಗ ಹತ್ತುವಂತಿಲ್ಲ, ಕಿವಿಗೆ ಇಯರ್‌ಫೋನ್ ಸಲ್ಲದು, ಒಬ್ಬರಿಗಿಂತ ಹೆಚ್ಚು ಜನ ಏರುವಂತಿಲ್ಲ, ವಿಮೆ ಕಡ್ಡಾಯ. ಕನಿಷ್ಠ ವಯಸ್ಸು ಮೊದಲು 12 ಇದ್ದದ್ದು 2023ರಲ್ಲಿ 14 ಆಯಿತು. ಅದೇ ವರ್ಷ ಪ್ಯಾರಿಸ್ ಜನಮತ ಕೇಳಿ ಬಾಡಿಗೆ ಇ-ಸ್ಕೂಟರ್‌ಗಳನ್ನು ತೆಗೆದುಹಾಕಿದಾಗ ಸ್ವಂತ ಯೂನಿಸೈಕಲ್ ಇದ್ದವರಿಗೆ ಅಡ್ಡಿಯಾಗಲಿಲ್ಲ.

ಜರ್ಮನಿಯ 2019ರ ನಿಯಮ ಹಿಡಿದುಕೊಳ್ಳುವ ಕಂಬಿ ಇರಲೇಬೇಕು ಎಂದಿತು. ಇ-ಸ್ಕೂಟರ್ ಒಳಬಂತು, ಯೂನಿಸೈಕಲ್ ಹೊರಗುಳಿಯಿತು. ಬ್ರಿಟನ್ನಿನಲ್ಲಿ 1988ರ ರಸ್ತೆ ಸಂಚಾರ ಕಾಯ್ದೆಯಂತೆ ಇದು ಮೋಟಾರು ವಾಹನ. ಅದಕ್ಕೆ ಬೇಕಾದ ನೋಂದಣಿ, ವಿಮೆ ಸಿಗುವಂತಿಲ್ಲವಾದ್ದರಿಂದ ರಸ್ತೆ ಮುಚ್ಚಿತು. 1835ರ ಹೆದ್ದಾರಿ ಕಾಯ್ದೆ ಪಾದಚಾರಿ ಮಾರ್ಗವನ್ನೂ ಮುಚ್ಚಿತು. ಖಾಸಗಿ ಜಾಗವೊಂದೇ ಉಳಿದದ್ದು. ನ್ಯೂಯಾರ್ಕ್ ರಾಜ್ಯ 2020ರಲ್ಲಿ ಇ-ಸ್ಕೂಟರನ್ನು ಸಕ್ರಮಗೊಳಿಸಿದಾಗ ಅದರ ವ್ಯಾಖ್ಯೆಯಲ್ಲಿ ಹ್ಯಾಂಡಲ್‌ಬಾರ್ ಎಂಬ ಪದ ಸೇರಿತ್ತು. ಆ ಒಂದು ಪದದಿಂದಾಗಿ ಮ್ಯಾನ್‌ಹ್ಯಾಟನ್ನಿನ ಸೈಕಲ್ ಪಥಗಳಲ್ಲಿ ದಿನವೂ ಓಡುವ ಯೂನಿಸೈಕಲ್‌ಗಳು ಆ ವ್ಯಾಖ್ಯೆಯೊಳಗೆ ಬರಲಿಲ್ಲ.

ಸಿಂಗಪುರ ಮೊದಲು ಅಳತೆ ಹಾಕಿತು: ತೂಕ 20 ಕಿಲೊ, ಅಗಲ 70 ಸೆಂ.ಮೀ., ವೇಗ ಗಂಟೆಗೆ 25 ಕಿ.ಮೀ. ಮೀರಬಾರದು. ಪಾದಚಾರಿಗಳಿಗೆ ಪೆಟ್ಟಾಗುವ ಪ್ರಕರಣಗಳು ಹೆಚ್ಚಿದಾಗ 2019ರ ನವೆಂಬರಿನಲ್ಲಿ ಇ-ಸ್ಕೂಟರ್‌ಗಳನ್ನೂ 2020ರ ಏಪ್ರಿಲ್‌ನಲ್ಲಿ ಯೂನಿಸೈಕಲ್, ಹೋವರ್‌ಬೋರ್ಡ್‌ಗಳನ್ನೂ ಫುಟ್‌ಪಾತಿನಿಂದ ಇಳಿಸಿ ಸೈಕಲ್ ಪಥಕ್ಕೆ ಸೀಮಿತಗೊಳಿಸಿತು. ಬೆಂಕಿ ಸುರಕ್ಷತೆಯ ಯುಎಲ್ 2272 ಪ್ರಮಾಣಪತ್ರವನ್ನೂ ಕಡ್ಡಾಯ ಮಾಡಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯ ಫುಟ್‌ಪಾತನ್ನೂ ಬಿಟ್ಟುಕೊಟ್ಟಿದೆ, ಆದರೆ ಅಲ್ಲಿ ಗಂಟೆಗೆ 12 ಕಿ.ಮೀ. ಮೀರುವಂತಿಲ್ಲ. ಇನ್ನು ಗಾಡಿ ತಯಾರಾಗುವ ಚೀನಾದಲ್ಲಿ, ಬೀಜಿಂಗ್ ಮತ್ತು ಶಾಂಘೈನಂಥ ಮಹಾನಗರಗಳು ಇವನ್ನು ರಸ್ತೆಗೆ ಬಿಡುವುದಿಲ್ಲ.

ಭಾರತದ ಸ್ಥಿತಿ

ಭಾರತದ ಕಾನೂನಿನಲ್ಲಿ ಈ ವಾಹನಕ್ಕೆ ಹೆಸರಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಮೋಟಾರ್‌ಸೈಕಲ್ ಎಂದರೆ ಎರಡು ಚಕ್ರದ ವಾಹನ ಎನ್ನುತ್ತದೆ. ಒಂದು ಚಕ್ರದ್ದು ಆ ಸಾಲಿಗೆ ಸೇರುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬ್ಯಾಟರಿ ವಾಹನಗಳಿಗೆ ಒಂದು ರಿಯಾಯಿತಿ ಇದೆ. ಮೋಟಾರಿನ 30 ನಿಮಿಷದ ಸಾಮರ್ಥ್ಯ 250 ವ್ಯಾಟ್‌ಗಿಂತ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆಯಿದ್ದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಅದನ್ನು ದೃಢೀಕರಿಸಿದರೆ ಅಂಥದ್ದು ಮೋಟಾರು ವಾಹನವೇ ಅಲ್ಲ ಎಂದು ಭಾವಿಸಲಾಗುತ್ತದೆ. ನೋಂದಣಿ ಬೇಡದ ಕಡಿಮೆ ವೇಗದ ಎಲೆಕ್ಟ್ರಿಕ್ ಸ್ಕೂಟರ್‌ಗಳು ಈ ಬಾಗಿಲಿನಿಂದಲೇ ರಸ್ತೆಗೆ ಬಂದವು.

ಯೂನಿಸೈಕಲ್ ಈ ಬಾಗಿಲಿನಲ್ಲಿ ತೂರುವುದು ಕಷ್ಟ. ಅದರ ಮೋಟಾರು ಸಾಮಾನ್ಯವಾಗಿ 800 ವ್ಯಾಟ್‌ನಿಂದ ಶುರುವಾಗಿ ಕೆಲವು ಸಾವಿರ ವ್ಯಾಟ್‌ವರೆಗೆ ಹೋಗುತ್ತದೆ. ಅಷ್ಟು ದೊಡ್ಡ ಮೋಟಾರು ಇರುವುದು ಬರೀ ಜೋರಾಗಿ ಓಡಲೆಂದಲ್ಲ, ಸವಾರನನ್ನು ಬೀಳಿಸದಿರುವ ಮೀಸಲು ಬಲಕ್ಕಾಗಿಯೂ ಹೌದು. 250 ವ್ಯಾಟ್‌ಗೆ ಇಳಿಸಿದರೆ ಕಾನೂನಿಗೆ ಹತ್ತಿರವಾಗಬಹುದು, ಸವಾರನಿಗೆ ಅಪಾಯ ಹೆಚ್ಚಾಗುತ್ತದೆ. ರಿಯಾಯಿತಿ ಸಿಗದಿದ್ದರೆ ಅದು ಮೋಟಾರು ವಾಹನವಾಗುತ್ತದೆ. ಆಗ ಕಾಯ್ದೆಯ 39ನೇ ಕಲಮಿನ ನೋಂದಣಿ, 146ನೇ ಕಲಮಿನ ಮೂರನೆಯವರ ವಿಮೆ ಎರಡೂ ಬೇಕು. ಕನ್ನಡಿ, ಇಂಡಿಕೇಟರ್, ಪ್ರತ್ಯೇಕ ಬ್ರೇಕ್ ಯಾವುದೂ ಇಲ್ಲದ ಗಾಡಿಯನ್ನು ಆರ್‌ಟಿಒ ಕಚೇರಿಯಲ್ಲಿ ಯಾವ ವರ್ಗದಲ್ಲಿ ಬರೆದುಕೊಳ್ಳಬೇಕು? ಬೆಂಗಳೂರಿನ ಸವಾರರು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವಾಗ ಈ ಬಿರುಕಿನ ಮೇಲೆಯೇ ಓಡಿಸುತ್ತಿರುತ್ತಾರೆ. ಅಪಘಾತವಾದರೆ ಪೆಟ್ಟು ತಿಂದವರಿಗೆ ಪರಿಹಾರ ಕೊಡಲು ವಿಮೆಯಿಲ್ಲ ಎಂಬುದು ಇದರ ಅತಿ ಗಂಭೀರ ಪರಿಣಾಮ.

ಬೇರೆ ದೇಶಗಳ ಅನುಭವದಿಂದ ಒಂದು ಮಾತು ಸ್ಪಷ್ಟ. ಹ್ಯಾಂಡಲ್ ಇದೆಯೇ, ಎಷ್ಟು ಚಕ್ರವಿದೆ ಎಂದು ಆಕಾರ ನೋಡಿ ಬರೆದ ನಿಯಮಗಳು ಯೂನಿಸೈಕಲ್‌ಗಳನ್ನು ಬೀದಿಯಿಂದ ಓಡಿಸಲಿಲ್ಲ, ನಿಯಮದಿಂದಾಚೆಗೆ ಓಡಿಸಿದವು ಅಷ್ಟೇ. ಫ್ರಾನ್ಸ್, ಸಿಂಗಪುರಗಳಂತೆ ವೇಗ, ತೂಕ, ಬ್ಯಾಟರಿಯ ಪ್ರಮಾಣಪತ್ರ, ವಯಸ್ಸು, ವಿಮೆ, ಓಡಿಸುವ ಜಾಗ ಇವನ್ನು ಗೊತ್ತುಮಾಡಿದಲ್ಲಿ ಪೊಲೀಸರಿಗೂ ಸವಾರರಿಗೂ ಅಳೆಯಲು ಒಂದು ಗೆರೆ ಸಿಕ್ಕಿತು. ಭಾರತದಲ್ಲಿಯೂ ನಿಯಮ ಬರೆಯುವವರು ಮೋಟಾರಿನ ವ್ಯಾಟ್ ಅಳೆಯುವ ಬದಲು ಗಾಡಿ ಎಷ್ಟು ವೇಗಕ್ಕೆ ಕಟ್ಟುಬಿದ್ದಿದೆ ಎಂಬುದನ್ನು ಅಳೆಯುವುದು ಸರಿಯಾದ ದಾರಿ. ಅಲ್ಲಿಯವರೆಗೆ ಈ ಗಾಲಿಗೆ ತಕ್ಕ ಜಾಗ ಖಾಸಗಿ ಆವರಣಗಳು. ಅಲ್ಲೂ ಪೂರ್ಣ ಹೆಲ್ಮೆಟ್, ಮಣಿಕಟ್ಟಿನ ಕವಚ ಬೇಕು. ಬೀಪ್ ಕೇಳಿದ ಕೂಡಲೇ ವೇಗ ತಗ್ಗಿಸಬೇಕು.